ಅಡ್ವಾನ್ಸ್ ಯಾರ ದುಡ್ಡು?

ಬಾಡಿಗೆ ಮನೆ ವಿಷಯವಾಗಿ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ದೂರು: ಮನೆ ಖಾಲಿ ಮಾಡಿದ್ದೇವೆ, ಅಡ್ವಾನ್ಸ್ ವಾಪಸ್ ಬಂದಿಲ್ಲ. ಉಳಿದವುಗಳಲ್ಲಿ ಓನರ್‌ಗಳ ಪತ್ರಗಳೂ ಇವೆ. ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವನು. ಈಗ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ. ಎರಡೂ ಕಡೆಯವರ ಸಂಕಟ ಗೊತ್ತು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಮಾತು ಹೇಳುವುದಿಲ್ಲ.

ಪ್ರಶ್ನೆ: ವಿಜಯನಗರದಲ್ಲಿ ಮೂರು ವರ್ಷ ಬಾಡಿಗೆಗೆ ಇದ್ದೆವು. ಬಾಡಿಗೆ 22,000, ಅಡ್ವಾನ್ಸ್ ಎರಡು ಲಕ್ಷ. ಎರಡು ತಿಂಗಳು ಮೊದಲೇ ಹೇಳಿ ಮನೆ ಖಾಲಿ ಮಾಡಿದೆವು. ಈಗ ಓನರ್ ಆಂಟಿ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ನಲ್ಲಿ, ಟೈಲ್ಸ್, ಕಿಟಕಿ ಜಾಲರಿ ಅಂತ ಇನ್ನೂ 18,000 ಹಿಡಿಯುತ್ತೇನೆ, ಉಳಿದದ್ದು ಹೊಸ ಬಾಡಿಗೆಯವರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡುತ್ತೇನೆ ಅನ್ನುತ್ತಾರೆ. ಬೀಗದ ಕೈ ಕೊಟ್ಟು ಎರಡು ತಿಂಗಳಾಯಿತು. ಏನು ಮಾಡಬೇಕು?
(ಗೃಹಿಣಿ, ಬೆಂಗಳೂರು)

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಅಡ್ವಾನ್ಸ್ ನಿಮ್ಮ ದುಡ್ಡು. ಓನರ್ ಕೈಯಲ್ಲಿ ಇರುತ್ತದೆ, ಅಷ್ಟೇ. ಹೊಸ ಬಾಡಿಗೆಯವರು ಬರುವುದಕ್ಕೂ ನಿಮ್ಮ ದುಡ್ಡು ವಾಪಸ್ ಬರುವುದಕ್ಕೂ ಸಂಬಂಧ ಇಲ್ಲ, ಕರಾರಿನಲ್ಲಿ ಹಾಗೆ ಬರೆದು ನೀವು ಸಹಿ ಹಾಕಿಲ್ಲದಿದ್ದರೆ. ಆದರೆ ಬೆಂಗಳೂರಿನಲ್ಲಿ ಇದು ಎಷ್ಟು ಅಭ್ಯಾಸ ಆಗಿಬಿಟ್ಟಿದೆ ಅಂದರೆ, ಬಂದ ಅಡ್ವಾನ್ಸ್ ತೆಗೆದುಕೊಂಡು ಮಗಳ ಮದುವೆ ಮಾಡಿಬಿಡುತ್ತಾರೆ, ಇಲ್ಲವೇ ಮೇಲೆ ಇನ್ನೊಂದು ಮಹಡಿ ಎಬ್ಬಿಸುತ್ತಾರೆ, ಆಮೇಲೆ ಒಬ್ಬರದ್ದು ತೆಗೆದು ಇನ್ನೊಬ್ಬರಿಗೆ ಕೊಡುವುದೇ ದಾರಿ ಅಂತ ನಂಬಿಕೊಂಡು ಕೂರುತ್ತಾರೆ. ಹತ್ತು ತಿಂಗಳ ಅಡ್ವಾನ್ಸ್ ತೆಗೆದುಕೊಳ್ಳುವ ಪದ್ಧತಿ ಇದಕ್ಕೆ ಕಾರಣ. ಈಗ ಐದಾರು ತಿಂಗಳಿಗೆ ಒಪ್ಪುವವರು ಜಾಸ್ತಿಯಾಗಿದ್ದಾರೆ, ಒಳ್ಳೆಯದೇ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಅದನ್ನು ತೋರಿಸಿ ಓನರ್ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಈಗ ಕರಾರು ಪತ್ರ ತೆಗೆಯಿರಿ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಅದರಲ್ಲಿ ಇದೆಯಾ? ಇದ್ದರೆ ಆ 22,000 ಬಿಡಬೇಕಾಗುತ್ತದೆ. ಸಹಿ ಹಾಕುವಾಗ ನೋಡಿಕೊಳ್ಳಬೇಕಿದ್ದ ವಿಷಯ ಅದು. ಇಲ್ಲದಿದ್ದರೆ ಕೊಡಬೇಕಾಗಿಲ್ಲ. ಮೂರು ವರ್ಷ ಜನ ಬಾಳಿದ ಮನೆಯ ಗೋಡೆ ಸ್ವಲ್ಪ ಮಾಸುತ್ತದೆ, ನಲ್ಲಿ ಸವೆಯುತ್ತದೆ. ಬಳಸಿ ಸವೆದದ್ದಕ್ಕೆ ಬಾಡಿಗೆಯವರು ಹೊಣೆ ಅಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯೇ ಅದನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಒಡೆದದ್ದು ಬೇರೆ. ಮಕ್ಕಳು ಕ್ರಿಕೆಟ್ ಆಡಿ ಗಾಜು ಒಡೆದಿದ್ದರೆ, ಕುಟ್ಟಿ ಟೈಲ್ಸ್ ಸೀಳು ಬಿಟ್ಟಿದ್ದರೆ ಅದರ ಖರ್ಚು ನಿಮ್ಮದೇ. ಆದರೆ ಎಷ್ಟು ಖರ್ಚಾಯಿತು ಅಂತ ಬಿಲ್ ತೋರಿಸಬೇಕು. 18,000 ಅಂತ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು, ಯಾರು ಮಾಡಿದರು, ಬಿಲ್ ಕೊಡಿ ಅಂತ ವಾಟ್ಸ್ಆಪಿನಲ್ಲಿ ಮರ್ಯಾದೆಯಿಂದ ಕೇಳಿ. ಫೋನಿನಲ್ಲಿ ಬೇಡ. ಇನ್ನು ಮೇಲೆ ಎಲ್ಲವೂ ಬರಹದಲ್ಲೇ ಇರಲಿ.

ಅವರು ಮಾತಿಗೆ ಸಿಗದಿದ್ದರೆ ಹದಿನೈದು ದಿನ ಗಡುವು ಕೊಟ್ಟು ಒಂದು ಕಾಗದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಡ್ವಾನ್ಸ್ ಕೊಟ್ಟ ದಿನ, ಬ್ಯಾಂಕಿನಿಂದ ಹೋದ ವಿವರ, ಬೀಗದ ಕೈ ಕೊಟ್ಟ ದಿನ, ಬರಬೇಕಾದ ಮೊತ್ತ, ಇಷ್ಟೇ ಇದ್ದರೆ ಸಾಕು. ಬೈಗುಳ, ಶಾಪ ಬೇಡ. ನನ್ನ ಅನುಭವದಲ್ಲಿ ಬಹಳ ಜನ ಆ ಕಾಗದ ಕೈಗೆ ಬಂದ ಮೇಲೆ ದಾರಿಗೆ ಬರುತ್ತಾರೆ. ಬರದಿದ್ದರೆ ವಕೀಲರ ನೋಟಿಸು. ಅದಕ್ಕೂ ಬಗ್ಗದಿದ್ದರೆ ನೇರ ಕೇಸಿಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ಅವರು ಇಬ್ಬರನ್ನೂ ಕರೆಸಿ ಕೂರಿಸಿ ಮಾತಾಡಿಸುತ್ತಾರೆ, ಅಲ್ಲಿ ಒಪ್ಪಂದವಾಗಿ ಲೋಕ ಅದಾಲತ್ತಿನಲ್ಲಿ ದಾಖಲಾದರೆ ಅದಕ್ಕೆ ಕೋರ್ಟ್ ತೀರ್ಪಿನ ಬೆಲೆ ಇರುತ್ತದೆ. ಪೊಲೀಸ್ ಸ್ಟೇಷನ್ನಿಗೆ ಹೋದರೆ ಇದು ಸಿವಿಲ್ ವ್ಯವಹಾರ ಅಂತ ವಾಪಸ್ ಕಳಿಸುವುದೇ ಜಾಸ್ತಿ. ಸಿವಿಲ್ ದಾವೆ ಹೂಡಲು ಮೂರು ವರ್ಷ ಸಮಯ ಇದೆ. ಹಾಗಂತ ಎರಡೂವರೆ ವರ್ಷ ಸುಮ್ನೆ ಕೂರಬೇಡಿ.

ನೀವು ಬೀಗದ ಕೈ ಕೊಟ್ಟುಬಿಟ್ಟಿದ್ದೀರಿ, ಅದು ಆಯಿತು. ಮುಂದಿನ ಸಲ ಬೀಗದ ಕೈ ಮತ್ತು ದುಡ್ಡು ಒಂದೇ ದಿನ, ಒಂದೇ ಕಡೆ ಕೈ ಬದಲಾಗುವ ಹಾಗೆ ನೋಡಿಕೊಳ್ಳಿ. ಸಾಮಾನು ಲಾರಿಗೆ ತುಂಬಿದ ಮೇಲೆ ಖಾಲಿ ಮನೆಯಲ್ಲಿ ಓನರ್ ಜೊತೆ ನಿಂತು ಒಂದೊಂದು ಕೋಣೆ ತೋರಿಸಿ, ವಿಡಿಯೋ ಮಾಡಿಕೊಂಡು, ಹಿಡಿಯುವುದು ಎಷ್ಟು ಅಂತ ಅಲ್ಲೇ ಮಾತಾಡಿ, ಉಳಿದದ್ದು ಫೋನಿಗೆ ಬಂದ ಮೇಲೆ ಬೀಗದ ಕೈ ಕೊಡಿ. ಕೊನೆಯ ಎರಡು ಮೂರು ತಿಂಗಳ ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಅನ್ನುವವರೂ ಇದ್ದಾರೆ. ಓನರ್ ಒಪ್ಪಿ ಬರೆದುಕೊಟ್ಟರೆ ಮಾತ್ರ ಅದು ಸರಿ. ಇಲ್ಲದಿದ್ದರೆ ಬಾಡಿಗೆ ಬಾಕಿ ಉಳಿಸಿಕೊಂಡವರು ನೀವೇ ಆಗುತ್ತೀರಿ.

ಇದನ್ನು ಓದುವ ಓನರ್‌ಗಳಿಗೂ ಒಂದು ಮಾತು. ನನ್ನ ಎರಡು ಮನೆಯ ಅಡ್ವಾನ್ಸ್ ಎರಡು ಬೇರೆ ಬೇರೆ ಎಫ್‌ಡಿಯಲ್ಲಿ ಇದೆ. ಬಡ್ಡಿ ನನ್ನದು, ಅಸಲು ಅವರದ್ದು. ಅವರು ಹೋಗುತ್ತೇವೆ ಅಂದ ದಿನ ಬ್ಯಾಂಕಿಗೆ ಹೇಳಿದರೆ ಆಯಿತು, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ನಾನು ಮೊದಲ ಸಲ ಬಾಡಿಗೆ ಮನೆ ಬಿಟ್ಟಾಗ ನನ್ನ ಅಡ್ವಾನ್ಸ್ ನಾಲ್ಕು ಕಂತಿನಲ್ಲಿ ಏಳು ತಿಂಗಳಿಗೆ ಬಂತು. ಹೊಸ ಮನೆಯ ಅಡ್ವಾನ್ಸಿಗೆ ಹೆಂಡತಿಯ ಬಳೆ ಅಡವಿಟ್ಟಿದ್ದೆ. ಅದನ್ನು ನಾನು ಮರೆತಿಲ್ಲ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಮೇಲಿನ ಮಹಡಿ 14,000ಕ್ಕೆ ಬಾಡಿಗೆಗೆ ಕೊಟ್ಟು ಮೂರು ವರ್ಷವಾಯಿತು. 11 ತಿಂಗಳ ಕರಾರು ಮುಗಿದ ಮೇಲೆ ಮತ್ತೆ ಬರೆಸಲಿಲ್ಲ. ಈಗ ಮಗ ಸೊಸೆ ಊರಿಗೆ ಬರುತ್ತಿದ್ದಾರೆ, ಖಾಲಿ ಮಾಡಿ ಅಂದರೆ ಮಾಡುತ್ತಿಲ್ಲ. ನೀರು ನಿಲ್ಲಿಸಿ, ತಾನಾಗಿಯೇ ಹೋಗುತ್ತಾರೆ ಅಂತ ಪಕ್ಕದವರು ಹೇಳುತ್ತಾರೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತದಂತೆ, ನಿಜವಾ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ನೀರು ನಿಲ್ಲಿಸಬೇಡಿ ಸರ್. ಕರೆಂಟ್ ತೆಗೆಸಬೇಡಿ. ಅವರು ಊರಿಗೆ ಹೋದಾಗ ಬೇರೆ ಬೀಗ ಜಡಿಯುವ ಯೋಚನೆ ಅಂತೂ ಬೇಡವೇ ಬೇಡ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಆ ದಾವೆಯಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ನ್ಯಾಯ ನಿಮ್ಮ ಕಡೆ ಇದ್ದದ್ದು ಒಂದು ಬೀಗದಿಂದ ಅವರ ಕಡೆಗೆ ಹೋಗುತ್ತದೆ.

ಹನ್ನೆರಡು ವರ್ಷದ ಮಾತು ಪ್ರತಿ ಊರಿನಲ್ಲೂ ಇದೆ. ಭಯ ಬಿಡಿ. ನಿಮಗೆ ಬಾಡಿಗೆ ಕೊಟ್ಟುಕೊಂಡು ಇದ್ದವರು ಎಷ್ಟು ವರ್ಷ ಇದ್ದರೂ ಬಾಡಿಗೆಯವರೇ. ನಿಮ್ಮ ಒಪ್ಪಿಗೆಯಿಂದ ಒಳಗೆ ಬಂದವರು ಅವರು, ಬಾಡಿಗೆ ಕೊಡುವುದೆಂದರೆ ಮನೆ ನಿಮ್ಮದು ಅಂತ ತಿಂಗಳು ತಿಂಗಳು ಒಪ್ಪಿದ ಹಾಗೆ. ಅದಕ್ಕೇ ಬಾಡಿಗೆಯನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಕೈಯಲ್ಲಿ ತೆಗೆದುಕೊಂಡರೆ ರಸೀದಿ ಕೊಟ್ಟು ನಕಲು ಇಟ್ಟುಕೊಳ್ಳಿ.

11 ತಿಂಗಳು ಯಾಕೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಒಂದು ವರ್ಷ ಮೀರಿದ ಅವಧಿಗೆ ಬಾಡಿಗೆ ಕರಾರು ಮಾಡಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳು ಅಂತ ಬರೆಸುವುದು ರೂಢಿ. ಅವಧಿ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿರುವುದರಿಂದ ಈಗ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಹದಿನೈದು ದಿನದ ನೋಟಿಸು ಕೊಟ್ಟು ಇದನ್ನು ಮುಗಿಸಬಹುದು. ಕರ್ನಾಟಕಕ್ಕೆ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಆ ಕಾಯ್ದೆ ಸಣ್ಣ ಬಾಡಿಗೆಗಳಿಗೆ ಮಾತ್ರ, ಬೆಂಗಳೂರಿನಲ್ಲೇ ತಿಂಗಳಿಗೆ 3,500 ದಾಟಿದರೆ ಅನ್ವಯಿಸುವುದಿಲ್ಲ. ನಿಮ್ಮ 14,000 ಎಲ್ಲೋ ದೂರ ಇದೆ.

ಇದೆಲ್ಲ ಕಾಗದದ ಮಾತು. ನೋಟಿಸು ಕೊಟ್ಟ ಮೇಲೂ ಅವರು ಏಳದಿದ್ದರೆ ದಾವೆ ಹೂಡಬೇಕು, ದಾವೆ ಅಂದರೆ ಸಮಯ. ಹಾಗಾಗಿ ಒಂದು ಸಂಜೆ ಮೇಲೆ ಹೋಗಿ ಕೂತು, ಯಾಕೆ ಹೋಗುತ್ತಿಲ್ಲ ಅಂತ ಕೇಳಿ. ನಿಜವಾಗಿ ಕೇಳಿ. ನಮ್ಮ ಮನೆಯಲ್ಲಿ ಒಮ್ಮೆ ಹೀಗೇ ಆಗಿತ್ತು. ವಿಚಾರಿಸಿದರೆ ಅವರ ಮಗಳು ಎಸ್ಎಸ್ಎಲ್‌ಸಿ, ಪರೀಕ್ಷೆ ಹೊತ್ತಿಗೆ ಮನೆ ಬದಲಾಯಿಸಲು ಹೆದರಿಕೆ, ಹೇಳಿಕೊಳ್ಳಲು ಸಂಕೋಚ. ಏಪ್ರಿಲ್ 30ರ ತನಕ ಸಮಯ ಕೊಟ್ಟೆವು, ಅಂದು ಖಾಲಿ ಮಾಡುತ್ತೇವೆ ಅಂತ ಅವರು ಬರೆದುಕೊಟ್ಟರು, ಕೊನೆಯ ತಿಂಗಳ ಬಾಡಿಗೆ ನಾವು ಬಿಟ್ಟೆವು. 28ಕ್ಕೇ ಹೋದರು. ವಕೀಲರ ಮೊದಲ ಫೀಸಿಗಿಂತ ಕಡಿಮೆಯಲ್ಲಿ ಮುಗಿಯಿತು. ನಿಮ್ಮ ಮಗ ಬರುವ ದಿನ ಹೇಳಿ, ಮೂರು ತಿಂಗಳು ಬಿಡಿ, ಅಡ್ವಾನ್ಸ್ ಅದೇ ದಿನ ಪೂರ್ತಿ ಕೈಗೆ ಕೊಡುತ್ತೇನೆ ಅನ್ನಿ. ಹಳೇ ಅಡ್ವಾನ್ಸ್ ಬರುತ್ತದೋ ಇಲ್ಲವೋ ಅನ್ನುವ ಅನುಮಾನದಲ್ಲೇ ಎಷ್ಟೋ ಜನ ಮನೆ ಬಿಡದೆ ಕೂತಿರುತ್ತಾರೆ.

ಪ್ರಶ್ನೆ: ಸಂಪಿನ ಮೋಟರು ಸುಟ್ಟು ಒಂದೂವರೆ ತಿಂಗಳು. ಓನರ್ ಹೈದರಾಬಾದಿನಲ್ಲಿ, ಮಾಡಿಸುತ್ತೇನೆ ಅಂತಲೇ ಇದ್ದಾರೆ. ಬಿಂದಿಗೆಯಲ್ಲಿ ನೀರು ಹೊರುತ್ತಿದ್ದೇವೆ. ನಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿಯಬಹುದಾ?
(ಬಾಡಿಗೆದಾರರು, ಕಲಬುರಗಿ)

ಓನರ್ ಮಾಡಿಸಿಕೊಡಬೇಕಾದ ರಿಪೇರಿಯಾದರೆ ಹಿಡಿಯಬಹುದು, ಕಾನೂನಿನಲ್ಲೇ ಅವಕಾಶ ಇದೆ. ಆದರೆ ಮೊದಲು ತಿಳಿಸಿ, ಸಾಕಷ್ಟು ಸಮಯ ಕೊಟ್ಟು, ಆಮೇಲೆ. ಮೋಟರಿನ ಫೋಟೋ, ಎರಡು ಅಂಗಡಿಯ ದರ ವಾಟ್ಸ್ಆಪಿಗೆ ಹಾಕಿ, ಇಂಥ ದಿನದೊಳಗೆ ನೀವು ಮಾಡಿಸದಿದ್ದರೆ ನಾನೇ ಮಾಡಿಸಿ ಮುಂದಿನ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ ಅಂತ ಬರೆಯಿರಿ. ಬಿಲ್ ತಪ್ಪದೆ ತೆಗೆದುಕೊಳ್ಳಿ. ಹೊಸ ಕರಾರು ಬರೆಸುವಾಗ ಮೋಟರು, ಸಂಪು, ಸೋರುವ ತಾರಸಿ, ಒಳಗಿನ ಪೈಪು ಓನರ್‌ಗೆ. ಬಲ್ಬು, ನಲ್ಲಿಯ ವಾಷರ್, ಫ್ಯಾನಿನ ಕಂಡೆನ್ಸರ್ ಬಾಡಿಗೆಯವರಿಗೆ ಅಂತ ಎರಡು ಸಾಲು ಸೇರಿಸಿ. ಟ್ಯಾಂಕರ್ ನೀರು ತರಿಸಬೇಕಾದರೆ ದುಡ್ಡು ಯಾರದ್ದು ಅನ್ನುವುದನ್ನೂ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದಾಗ ಈ ಒಂದು ಸಾಲು ಇಲ್ಲದೆ ಓನರ್ ಬಾಡಿಗೆಯವರ ನಡುವೆ ಜಗಳಗಳಾದವು.

ಪ್ರಶ್ನೆ: ಹಳೇ ಬಾಡಿಗೆಯವರು ಗೃಹಜ್ಯೋತಿಗೆ ತಮ್ಮ ಆಧಾರ್ ಜೋಡಿಸಿ ಹಾಗೇ ಹೋಗಿದ್ದಾರೆ. ನಮಗೆ ಸಿಗುತ್ತಿಲ್ಲ.
(ಹಾಸನ)

ಅವರು ಆಧಾರ್ ಬಿಡಿಸಿಕೊಳ್ಳಬೇಕು, ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಆಮೇಲೆ ನೀವು ನಿಮ್ಮ ಆಧಾರ್ ಕೊಟ್ಟು ಅದೇ ಮೀಟರಿಗೆ ಅರ್ಜಿ ಹಾಕಿ. ಓನರ್ ಹತ್ತಿರ ಅವರ ನಂಬರ್ ಇದ್ದೇ ಇರುತ್ತದೆ, ಕೇಳಿ. ಓನರ್‌ಗಳು ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಇದನ್ನೂ ಮಾಡಿಸಿಬಿಟ್ಟರೆ ಮುಂದೆ ಬರುವವರಿಗೆ ತೊಂದರೆ ಇಲ್ಲ.

ಪ್ರಶ್ನೆ: ಅಣ್ಣನಿಗೆ ಬೆಂಗಳೂರಿನಲ್ಲಿ ಕೆಲಸ. ಒಂದು ಏಜೆನ್ಸಿಯವರು ಎರಡು ಬೆಡ್‌ರೂಮಿನ ಫ್ಲ್ಯಾಟು ಭೋಗ್ಯಕ್ಕೆ ಕೊಡುತ್ತೇವೆ, 15 ಲಕ್ಷ, ಮೂರು ವರ್ಷ, ಬಾಡಿಗೆ ಇಲ್ಲ ಅನ್ನುತ್ತಿದ್ದಾರೆ. ಓನರ್ ವಿದೇಶದಲ್ಲಿ ಇದ್ದಾರಂತೆ, ಸಹಿ ಏಜೆನ್ಸಿಯೇ ಹಾಕುತ್ತದಂತೆ. ಅದೇ ಮನೆಗೆ ಬಾಡಿಗೆಯಾದರೆ 18,000. ಅಪ್ಪ ಜಮೀನು ಮಾರಿದ ದುಡ್ಡು ಇದೆ. ಕೊಡಬಹುದಾ?
(ತಿಪಟೂರು)

ಬೇಡ. ಈ ಮನೆ ಬೇಡ.

ಯಾಕೆ ಅಂತ ಹೇಳುತ್ತೇನೆ, ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. 15 ಲಕ್ಷವನ್ನು ಶೇಕಡಾ 7ರ ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ತಿಂಗಳಿಗೆ 8,750 ಬರುತ್ತದೆ. ಭೋಗ್ಯಕ್ಕೆ ಕೊಟ್ಟರೆ 18,000 ಬಾಡಿಗೆ ಉಳಿಯುತ್ತದೆ. ಲಾಭ ಅಂತ ಕಾಣುತ್ತದೆ, ಅಲ್ವಾ? ಈಗ ಅದೇ ಲೆಕ್ಕವನ್ನು ಓನರ್ ಕಡೆಯಿಂದ ಹಾಕಿ. ವರ್ಷಕ್ಕೆ 2,16,000 ಬಾಡಿಗೆ ಬಿಟ್ಟು ಅವರು 15 ಲಕ್ಷ ತೆಗೆದುಕೊಳ್ಳುತ್ತಿದ್ದಾರೆ. ಅಂದರೆ ನಿಮ್ಮ ದುಡ್ಡಿಗೆ ಶೇಕಡಾ 14ಕ್ಕಿಂತ ಜಾಸ್ತಿ ಬಡ್ಡಿ ಕಟ್ಟಿದ ಹಾಗೆ. ಮನೆ ಮೇಲೆ ಬ್ಯಾಂಕ್ ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ. ಅದನ್ನು ಬಿಟ್ಟು ಇಷ್ಟು ದುಬಾರಿ ದುಡ್ಡು ಯಾಕೆ ಬೇಕು? ಒಂದೋ ಬ್ಯಾಂಕ್ ಕೊಡುವುದಿಲ್ಲ, ಇಲ್ಲವೇ ಆಗಲೇ ಕೊಟ್ಟಾಗಿದೆ, ಮನೆ ಅಡಮಾನದಲ್ಲಿದೆ. ಎಲ್ಲರೂ ಹಾಗೆ ಅಂತ ಅಲ್ಲ. ಮನೆ ಕಟ್ಟಿ ಮುಗಿಸಲು ಕೊನೆಯ ಕಂತಿಗೆ ಭೋಗ್ಯಕ್ಕೆ ಕೊಡುವ ಪ್ರಾಮಾಣಿಕ ಕುಟುಂಬಗಳು ಬೇಕಾದಷ್ಟಿವೆ, ನನ್ನ ಅಕ್ಕ ಆರು ವರ್ಷ ಹಾಗೆ ಇದ್ದು ದುಡ್ಡು ಪೂರ್ತಿ ವಾಪಸ್ ತೆಗೆದುಕೊಂಡು ಬಂದಳು. ಆದರೆ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ತನಕ ಒಂದು ರೂಪಾಯಿ ಕೊಡಬಾರದು.

ಏಜೆನ್ಸಿ ವ್ಯವಹಾರ ಇನ್ನೂ ಅಪಾಯ. ಇದು ನಡೆಯುವುದು ಹೇಗೆ ಅಂದರೆ, ಓನರ್ ಹತ್ತಿರ ತಿಂಗಳ ಬಾಡಿಗೆಗೆ ಅಂತ ಮನೆ ತೆಗೆದುಕೊಳ್ಳುತ್ತಾರೆ, ನಿಮ್ಮಂಥವರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಟ್ಟಲೆ ಒಟ್ಟಿಗೆ ಪಡೆಯುತ್ತಾರೆ, ಕೆಲವು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಆಮೇಲೆ ನಿಲ್ಲಿಸುತ್ತಾರೆ. ಒಂದು ದಿನ ಓನರ್ ಬಂದು ಬಾಗಿಲು ತಟ್ಟುತ್ತಾರೆ, ನೀವು ಯಾರು ಅಂತ ಕೇಳುತ್ತಾರೆ. ಪಾಪ, ಅವರದ್ದೂ ತಪ್ಪಿರುವುದಿಲ್ಲ. ಬೆಂಗಳೂರಿನಲ್ಲಿ ಹೀಗೆ ಮೋಸ ಹೋದ ಕುಟುಂಬಗಳ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ಬೇರೆ ಮನೆ ನೋಡುವುದಾದರೆ ಖುದ್ದು ಓನರ್ ಹತ್ತಿರವೇ ಮಾತಾಡಿ. ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ. ಬ್ಯಾಂಕಿಗೆ ಕ್ರಯಪತ್ರ ಒಪ್ಪಿಸಿ ಸಾಲ ತೆಗೆದದ್ದು ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ನೋಂದಣಿ ಆಗದೆಯೂ ಸಾಲ ಇರಬಹುದು, ಆದ್ದರಿಂದ ಮೂಲ ಕ್ರಯಪತ್ರವನ್ನೇ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಇದೆ ಅಂದರೆ ಮೂಲ ಎಲ್ಲೋ ಅಡವಿದೆ ಅಂತಲೇ ತಿಳಿಯಿರಿ. ಸಾಲದ ಕಂತು ನಿಂತರೆ ಬ್ಯಾಂಕ್ ಮನೆ ವಶಪಡಿಸಿಕೊಂಡು ಹರಾಜು ಹಾಕುತ್ತದೆ, ಆಗ ಮೊದಲ ಹಕ್ಕು ಬ್ಯಾಂಕಿನದು, ನಿಮ್ಮ 15 ಲಕ್ಷಕ್ಕೆ ಓನರ್ ಹಿಂದೆ ಅಲೆಯಬೇಕು. ಎಲ್ಲಾ ಸರಿ ಇದ್ದರೆ ಭೋಗ್ಯ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಖರ್ಚು ಜಾಸ್ತಿ ಅಂತ ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ನೋಂದಣಿಯಾದರೆ ನಿಮ್ಮ ಹೆಸರು ಆ ಮನೆಯ ಇಸಿಯಲ್ಲಿ ಕೂರುತ್ತದೆ, ನಿಮ್ಮ ದುಡ್ಡು ತೀರಿಸದೆ ಗುಟ್ಟಾಗಿ ಮಾರುವುದು ಕಷ್ಟ. ಅಪ್ಪನ ಜಮೀನಿನ ದುಡ್ಡು ಅದು. ಮತ್ತೊಮ್ಮೆ ಬರುವ ದುಡ್ಡಲ್ಲ.

ಪ್ರಶ್ನೆ: ನಮ್ಮ ಓನರ್ ಅಮೆರಿಕದಲ್ಲಿದ್ದಾರೆ. ಬಾಡಿಗೆ 40,000. ಐವತ್ತು ಸಾವಿರ ದಾಟದಿದ್ದರೆ ಟಿಡಿಎಸ್ ಇಲ್ಲ ಅಂತ ಗೆಳೆಯರು ಹೇಳಿದರು, ಆಫೀಸಿನ ಆಡಿಟರ್ ಇದೆ ಅನ್ನುತ್ತಾರೆ.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಆಡಿಟರ್ ಹೇಳಿದ್ದು ಸರಿ. ಟಿಡಿಎಸ್ ಅಂದರೆ ಬಾಡಿಗೆ ಕೊಡುವಾಗಲೇ ಓನರ್‌ನ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಐವತ್ತು ಸಾವಿರದ ಮಿತಿ ಇಲ್ಲೇ ಇರುವ ಓನರ್‌ಗೆ ಬಾಡಿಗೆ ಕೊಡುವವರಿಗೆ. ತಿಂಗಳಿಗೆ ಅದನ್ನು ದಾಟಿದರೆ ಶೇಕಡಾ 2 ಹಿಡಿಯಬೇಕು, 2024ರ ಅಕ್ಟೋಬರಿಗೆ ಮೊದಲು ಅದು ಶೇಕಡಾ 5 ಇತ್ತು. ಓನರ್ ಅನಿವಾಸಿಯಾದರೆ ಯಾವ ಮಿತಿಯೂ ಇಲ್ಲ. ಹತ್ತು ಸಾವಿರ ಬಾಡಿಗೆಯಾದರೂ ಹಿಡಿಯಬೇಕು. ದರ ಶೇಕಡಾ 30, ಅದರ ಮೇಲೆ ಸೆಸ್ ಸೇರಿ 31.2. ನಿಮ್ಮ 40,000ದಲ್ಲಿ 12,480 ಸರ್ಕಾರಕ್ಕೆ, 27,520 ಓನರ್‌ಗೆ. ಇದಕ್ಕೆ ನೀವು ಟ್ಯಾನ್, ಅಂದರೆ ತೆರಿಗೆ ಹಿಡಿದು ಕಟ್ಟುವವರ ನಂಬರ್ ಮಾಡಿಸಬೇಕು, ಪ್ರತಿ ತಿಂಗಳು ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸಬೇಕು. ಹಿಡಿಯದಿದ್ದರೆ ಬಡ್ಡಿ ದಂಡ ಬೀಳುವುದು ನಿಮಗೆ, ಓನರ್‌ಗೆ ಅಲ್ಲ.

ಓನರ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಅವರು ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತಂದುಕೊಟ್ಟರೆ ನೀವು ಅಷ್ಟೇ ಹಿಡಿಯಬಹುದು. ಇಲ್ಲದಿದ್ದರೂ ಇಲ್ಲಿ ರಿಟರ್ನ್ ಸಲ್ಲಿಸಿ ಜಾಸ್ತಿ ಹೋದದ್ದನ್ನು ವಾಪಸ್ ಪಡೆಯಬಹುದು, ಯಾಕೆಂದರೆ ಬಾಡಿಗೆ ಆದಾಯದಲ್ಲಿ ಕಟ್ಟಿದ ಮನೆ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇಕಡಾ 30 ಬಿಟ್ಟೇ ತೆರಿಗೆ ಲೆಕ್ಕ ಹಾಕುವುದು. ವಿದೇಶದಲ್ಲಿರುವ ನಮ್ಮ ಕನ್ನಡಿಗ ಓನರ್‌ಗಳು ಇದನ್ನು ಬಾಡಿಗೆಯವರಿಗೆ ಮೊದಲೇ ಹೇಳಬೇಕು. ತಂದೆಯ ಖಾತೆಗೆ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ ಅನ್ನುವುದು ಮನೆ ಕೊಟ್ಟ ಮೇಲೆ ಬಾಡಿಗೆಯವರನ್ನು ಸಿಕ್ಕಿಸಿದ ಹಾಗೆ.

ಪ್ರಶ್ನೆ: ಶಿಕ್ಷಕಿಯಾಗಿ ನಿವೃತ್ತಳಾದೆ. 60 ಲಕ್ಷ ಇದೆ. ಬೆಂಗಳೂರಿನಲ್ಲಿ ಫ್ಲ್ಯಾಟು ತೆಗೆದುಕೊಂಡು ಬಾಡಿಗೆಗೆ ಕೊಡು, 20,000 ಬರುತ್ತದೆ ಅಂತ ಅಳಿಯ ಹೇಳುತ್ತಾರೆ. ದಾವಣಗೆರೆಯಲ್ಲಿ ನನ್ನ ಮನೆ ಇದೆ, ಮೇಲೆ ಎರಡು ಸಣ್ಣ ಮನೆ ಕಟ್ಟಿಸಬಹುದು. ಯಾವುದು ಒಳ್ಳೆಯದು?
(ದಾವಣಗೆರೆ)

ಮೇಡಂ, ಇದು ನಿಮ್ಮ ಮುಪ್ಪಿನ ದುಡ್ಡು. ಹಾಗಾಗಿ ಆಸ್ತಿ ಬೆಲೆ ಮುಂದೆ ಎಷ್ಟಾಗುತ್ತದೆ ಅನ್ನುವುದಕ್ಕಿಂತ ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ.

60 ಲಕ್ಷದ ಫ್ಲ್ಯಾಟಿಗೆ ಮುದ್ರಾಂಕ ಶುಲ್ಕ, ನೋಂದಣಿ ಎಲ್ಲಾ ಸೇರಿ ಏಳೂವರೆ ಪರ್ಸೆಂಟ್ ಆಸುಪಾಸು ಹೋಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಅಲ್ಲಿಗೆ ನಾಲ್ಕೂವರೆ ಲಕ್ಷ. ಅಂದರೆ ಹಾಕಿದ್ದು 64.5 ಲಕ್ಷ, ಕೈಲಿರುವುದಕ್ಕಿಂತ ಜಾಸ್ತಿಯೇ ಬೇಕು. ವರ್ಷಕ್ಕೆ ಬಾಡಿಗೆ 2,40,000. ಒಂದು ತಿಂಗಳು ಖಾಲಿ ಇತ್ತು ಅಂದುಕೊಳ್ಳಿ, ಹೊಸಬರನ್ನು ಹುಡುಕಿಕೊಟ್ಟ ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಖಾಲಿ ಇದ್ದಾಗ ಮೇಂಟೆನೆನ್ಸ್ ನೀವೇ ಕಟ್ಟಬೇಕು, ಮನೆ ತೆರಿಗೆ ಸ್ವಂತ ವಾಸಕ್ಕಿಂತ ಬಾಡಿಗೆ ಮನೆಗೆ ಜಾಸ್ತಿ, ಗೀಸರ್ ಕೆಡುತ್ತದೆ, ಬಣ್ಣ ಹೊಡೆಸಬೇಕು. 65,000 ಕಳೆದರೆ ಉಳಿಯುವುದು 1,75,000. ಹಾಕಿದ ದುಡ್ಡಿಗೆ ಶೇಕಡಾ 3 ಕೂಡ ಬರಲಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದ ತನಕ ಇಡಬಹುದು, ಶೇಕಡಾ 8.2ರ ದರದಲ್ಲಿ ಅಷ್ಟಕ್ಕೇ ವರ್ಷಕ್ಕೆ 2,46,000. ಅಂಚೆ ಕಚೇರಿಯಲ್ಲಿಟ್ಟ ಅರ್ಧ ದುಡ್ಡು ಪೂರ್ತಿ ಫ್ಲ್ಯಾಟಿಗಿಂತ ಜಾಸ್ತಿ ಕೊಡುತ್ತದೆ, ಮೂರು ತಿಂಗಳಿಗೊಮ್ಮೆ ತಪ್ಪದೆ. ದರ ಮುಂದೆ ಬದಲಾಗಬಹುದು, ಆದರೆ ನೀವು ಇಟ್ಟ ದಿನದ ದರವೇ ನಿಮ್ಮ ಐದು ವರ್ಷಕ್ಕೂ ಇರುತ್ತದೆ.

ಫ್ಲ್ಯಾಟಿನ ಬೆಲೆ ಏರುವುದಿಲ್ಲವಾ ಅಂತ ಅಳಿಯಂದಿರು ಕೇಳಬಹುದು. ಏರಬಹುದು. ಆದರೆ ಏರುವುದು ಮಣ್ಣಿನ ಬೆಲೆ. ಕಟ್ಟಡ ವರ್ಷ ವರ್ಷ ಹಳೆಯದಾಗುತ್ತದೆ, ಮತ್ತು ಫ್ಲ್ಯಾಟಿನಲ್ಲಿ ನಿಮ್ಮ ಪಾಲಿಗೆ ಬರುವ ಜಾಗ ಸ್ವಲ್ಪ. ನಾಳೆ ಆಸ್ಪತ್ರೆ ಖರ್ಚಿಗೆ ನಾಲ್ಕು ಲಕ್ಷ ಬೇಕಾದರೆ ಫ್ಲ್ಯಾಟಿನ ಅಡುಗೆಮನೆ ಮಾತ್ರ ಮಾರಲು ಆಗುವುದಿಲ್ಲ. ಸೋರುವ ನಲ್ಲಿಗಾಗಿ ದಾವಣಗೆರೆಯಿಂದ ಬೆಂಗಳೂರಿಗೆ ಓಡಾಡಲೂ ಆಗುವುದಿಲ್ಲ.

ನಿಮ್ಮ ಮನೆ ಮೇಲೆ ಕಟ್ಟಿಸಿದರೆ ಜಾಗದ ಖರ್ಚು ಇಲ್ಲ. 650 ಚದರಡಿಯ ಎರಡು ಮನೆ, ಚದರಡಿಗೆ 2,000 ಅಂತ ಇಟ್ಟುಕೊಂಡರೆ 26 ಲಕ್ಷ. ನಿಮ್ಮೂರಿನ ಮೇಸ್ತ್ರಿ ಹೇಳುವ ದರ ಹಾಕಿ ಮತ್ತೆ ಲೆಕ್ಕ ಮಾಡಿ. ಒಂದೊಂದಕ್ಕೆ 8,000 ಬಂದರೂ ವರ್ಷಕ್ಕೆ 1,92,000, ಶೇಕಡಾ 7ರ ಮೇಲೆ. ಖರ್ಚು ಕಳೆದು 6 ಅನ್ನಿ. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಿರುವ ಊರು ನಿಮ್ಮದು, ಮನೆ ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಮೇಲೆ ಒಂದು ಸಂಸಾರ ಇದ್ದರೆ ರಾತ್ರಿ ಒಬ್ಬರೇ ಇರುವ ನಿಮಗೂ ಧೈರ್ಯ. 30 ಲಕ್ಷ ಆ ಯೋಜನೆಗೆ, 26 ಲಕ್ಷ ಕಟ್ಟಲು, ಉಳಿದ ನಾಲ್ಕು ಲಕ್ಷ ಮುಟ್ಟಬೇಡಿ. ನಾನು ನಿಮ್ಮ ಮಗನಾಗಿದ್ದರೆ ಇದನ್ನೇ ಹೇಳುತ್ತಿದ್ದೆ.

ಪಾಯ ಎರಡನೇ ಅಂತಸ್ತಿನ ಭಾರ ಹೊರುತ್ತದಾ ಅಂತ ಇಂಜಿನಿಯರ್ ಒಬ್ಬರಿಗೆ ತೋರಿಸಿ, ಪಾಲಿಕೆಯಲ್ಲಿ ನಕ್ಷೆ ಮಂಜೂರು ಮಾಡಿಸಿ, ಆಮೇಲೆ ಕೆಲಸ ಶುರು ಮಾಡಿ. ಎರಡು ಮನೆಗೂ ಬೇರೆ ಬೇರೆ ಕರೆಂಟ್ ಮೀಟರ್, ಬೇರೆ ಬೇರೆ ನೀರಿನ ಟ್ಯಾಂಕ್ ಇರಲಿ, ಮೆಟ್ಟಿಲು ನಿಮ್ಮ ಹಜಾರದ ಮೂಲಕ ಹೋಗದೆ ಹೊರಗಿನಿಂದಲೇ ಬರಲಿ ಅಂತ ಮೇಸ್ತ್ರಿಗೆ ಮೊದಲ ದಿನವೇ ಹೇಳಿ. ಗೋಡೆ ಎದ್ದ ಮೇಲೆ ಹೇಳಿದರೆ ಒಡೆಸಬೇಕಾಗುತ್ತದೆ.